ಬೂಸಾ ಮೂಟೆಯ ಹಿಂದಿನ ಟಿಂಚರು

"ಇವತ್ತಿಂದ ಈ ಮನೆ ಒಳೀಕೆ ಒಂದೇ ಒಂದು ಇಂಗ್ಲಿಷ್ ಮಾತ್ರೆ ಬರಂಗಿಲ್ಲ!"

ಹಿತ್ತಿಲ ಬಾಗಿಲಲ್ಲಿ ನಿಂತು ಚಲುವರಾಜು ಹೀಗೆ ಘೋಷಿಸಿದಾಗ ಅವನ ಎಡಗೈಯಲ್ಲಿ ಒಂದು ಕಂತೆ ನೆಲಬೇವು, ಬಲಗೈಯಲ್ಲಿ ಮೊಬೈಲು ಇತ್ತು. ಹಿಂದಿನ ಕಾಲದ ರಾಜರು ಕತ್ತಿ ಹಿಡಿದು ಶಪಥ ಮಾಡುತ್ತಿದ್ದರಂತೆ. ಅಕ್ಕಿಹೆಬ್ಬಾಳಿನ ಪಕ್ಕದ ಊರಿನಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಯಾಗಿರುವವನಿಗೆ ಕತ್ತಿ ಎಲ್ಲಿಂದ ಬರಬೇಕು? ಕೈಗೆ ಸಿಕ್ಕಿದ್ದನ್ನೇ ಹಿಡಿದುಕೊಂಡು ಮಾಡಿದ.

ಶಪಥ ಕೇಳಿಸಿಕೊಂಡವರು ಹೆಂಡತಿ ಪ್ರಮೀಳಾ ಮತ್ತು ಗೂಟಕ್ಕೆ ಕಟ್ಟಿದ್ದ ಹಸು. ಹಸುವಾದರೂ ಗೌರವಕ್ಕೆ ಒಮ್ಮೆ ಕಿವಿ ಆಡಿಸಿತು. ಪ್ರಮೀಳಾ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

"ಮಾತ್ರೆ ಇಲ್ದೆ ಅತ್ತೆ ಕೆಮ್ಮಿಗೆ ಏನ್ ಮಾಡ್ತೀರಿ?"

"ಟಿಂಚರು!"

"ಟಿಂಚರು ಗಾಯಕ್ಕೆ ಅಚ್ಚೋದಲ್ವಾ?"

"ಅದು ಆಸ್ಪತ್ರೆ ಟಿಂಚರು ಕಣೇ. ಇದು ಗಿಡದ ಟಿಂಚರು. ನೆಲಬೇವು, ಅಮೃತಬಳ್ಳಿ, ಆಡುಸೋಗೆ, ತುಳಸಿ ಎಲ್ಲಾ ನಮ್ಮ ಹಿತ್ಲಲ್ಲೇ ಬಿದ್ದವೆ. ತೊಳ್ದು, ಒಣಗ್ಸಿ, ಕುಟ್ಟಿ, ಸ್ಪಿರಿಟ್ಟಲ್ಲಿ ನೆನೆಹಾಕ್ಬುಟ್ರೆ ಸೊಪ್ಪಿನ ಸತ್ವನೆಲ್ಲ ಅದು ಹೀರ್ಕತದೆ. ಆಮೇಲೆ ದಿನಕ್ಕೆ ಒಂದು ಮುಚ್ಚಳ. ಅವ್ವನ ಕೆಮ್ಮು, ಮಂಡಿನೋವು, ಚಳಿಜ್ವರ ಎಲ್ಲಾ ಗಂಟುಮೂಟೆ ಕಟ್ಕಂಡು ಓಡ್ಬೇಕು!"

"ಸ್ಪಿರಿಟ್ಟು ಅಂದ್ರೆ ಏನು?"

ಇಲ್ಲಿಯವರೆಗೆ ಡೈರಿಯ ಮೈಕಿನಲ್ಲಿ ಮಾತಾಡುವವನಂತೆ ಗುಡುಗುತ್ತಿದ್ದ ಚಲುವರಾಜು ಇದ್ದಕ್ಕಿದ್ದಂತೆ ದನಿ ಇಳಿಸಿದ.

"ಬ್ರಾಂದಿ."

ಹುರುಳಿಕಾಯಿ ಹೆಚ್ಚುವುದು ನಿಂತಿತು.

ಆ ಮನೆಯಲ್ಲಿ ಆಡಬಾರದ ಮಾತು ಅದು. ಚಲುವರಾಜುವಿನ ಅಪ್ಪ ಜವರಯ್ಯ ಕುಡಿದು ಸತ್ತ. ಅಣ್ಣ ರವೀಂದ್ರ ಮಾಕವಳ್ಳಿ ಕಾರ್ಖಾನೆಗೆ ಕಬ್ಬು ತುಂಬಿಸಿಕೊಂಡು ಹೋಗುತ್ತಿದ್ದವನು, ದಾರಿಯಲ್ಲಿ ಕಲಿತು, ಮೀಸೆ ಹಣ್ಣಾಗುವ ಮೊದಲೇ ಕುಡಿದು ಸತ್ತ. ರವೀಂದ್ರನನ್ನು ಅಂಗಳದಲ್ಲಿ ಮಲಗಿಸಿದಾಗ ಊರಿಗೆ ಊರೇ ಅತ್ತಿತು. ತಾಯಿ ಅಣ್ಣಮ್ಮ ಮಾತ್ರ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಅಷ್ಟು ಸಿಟ್ಟು ಅವಳಿಗೆ. ಪಿತೃಪಕ್ಷದಲ್ಲಿ ಊರಿನ ಮನೆಮನೆಯಲ್ಲೂ ಸತ್ತ ಹಿರಿಯರ ಎಡೆಯಲ್ಲಿ ಮಾಂಸದ ಜೊತೆಗೆ ಒಂದು ಬಾಟಲಿಯನ್ನೂ ಇಟ್ಟು ಕೈಮುಗಿಯುತ್ತಾರೆ. ಈ ಮನೆಯ ಎಡೆಯಲ್ಲಿ ಮಾತ್ರ ಒಂದು ಚೊಂಬು ನೀರು. "ಬೇಕಾದ್ರೆ ಕುಡೀಲಿ, ಬ್ಯಾಡ್ದಿದ್ರೆ ಓಗ್ಲಿ" ಎನ್ನುತ್ತಿದ್ದಳು ಅಣ್ಣಮ್ಮ. ಅವಳಿಗೆ ಉಳಿದಿದ್ದ ನೆಮ್ಮದಿ ಒಂದೇ: ಕಿರಿಯ ಮಗ ಚಲುವರಾಜು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ.

"ಅತ್ತೆಗೆ ಏಳಿದ್ರಾ?" ಎಂದಳು ಪ್ರಮೀಳಾ.

"ವಾಸಿ ಆದ್ಮೇಲೆ ಏಳುದ್ರಾಯ್ತು."

"ವಾಸಿ ಆಗೋಕೆ ಮುಂಚೆ ಗೊತ್ತಾದ್ರೆ?"

"ಊರಿನ ಹಾಲ್ನೆಲ್ಲ ಟೆಸ್ಟ್ ಮಾಡೋನು ನಾನು! ಒಂದು ಬಾಟ್ಲಿ ಬಚ್ಚಿಡಾಕೆ ಬರಾಕಿಲ್ವಾ?"

ಬರುವುದಿಲ್ಲ ಎಂಬುದು ಬಾಟಲಿ ಕೊಳ್ಳುವಾಗಲೇ ಗೊತ್ತಾಗಬೇಕಿತ್ತು. ಸ್ವಂತ ತಾಲ್ಲೂಕಿನಲ್ಲಿ ಬ್ರಾಂದಿ ಅಂಗಡಿ ಹತ್ತಿದರೆ ಮಾನ ಹೋಗುತ್ತದೆಂದು ಚಲುವರಾಜು ಬಸ್ಸು ಹತ್ತಿ ನಾಗಮಂಗಲಕ್ಕೆ ಹೋದ. ತಲೆಗೆ ಟವಲು, ಮುಖಕ್ಕೆ ಮಾಸ್ಕು, ಮೋಡ ಮುಸುಕಿದ ದಿನದಲ್ಲಿ ಕಪ್ಪು ಕನ್ನಡಕ. ಬ್ಯಾಂಕು ದೋಚಲು ಬಂದವನನ್ನಾದರೂ ಜನ ಅಷ್ಟು ನೋಡುತ್ತಿರಲಿಲ್ಲ! ಅಂಗಡಿಯ ಕಿಟಕಿಯ ಮುಂದೆ ನಿಂತು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಬೆನ್ನಿಗೊಂದು ಗುದ್ದು ಬಿತ್ತು.

"ಏನ್ಲಾ ಅಳಿಯಾ! ನೀನೂ ಸುರು ಅಚ್ಕಂಡ್ಯಾ?"

ಸೋದರಮಾವ ಬೋರಯ್ಯ. ಅಣ್ಣಮ್ಮನ ಖಾಸಾ ತಮ್ಮ. ಅವನೂ ಅಕ್ಕನಿಗೆ ಗೊತ್ತಾಗಬಾರದೆಂದೇ ಇಷ್ಟು ದೂರ ಬಂದಿದ್ದ.

"ಮಾವ, ಇದು ಔಸ್ದಿಗೆ..."

"ನಂಗೂ ಔಸ್ದಿಗೇ ಕಣ್ಲಾ!" ಎಂದು ಬೋರಯ್ಯ ಸಂತೋಷದಿಂದ ಅವನನ್ನು ತಬ್ಬಿಕೊಂಡ. "ಅಂತೂ ಜವರಯ್ಯನ ಮಗ ಅನ್ನಿಸ್ಕಂಡೆ. ಅಕ್ಕಂಗೆ ನಾನು ಏಳಾಕಿಲ್ಲ, ಬುಡು."

ಅವನು ಹೇಳಲಿಲ್ಲ, ನಿಜ. ಅಕ್ಕನೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳಿದ.

ಬಾಟಲಿ ಮನೆಗೆ ಬಂತು. ಸೊಪ್ಪು ಅದರೊಳಗೆ ಇಳಿಯಿತು. ಇನ್ನು ಬಚ್ಚಿಡುವ ಜಾಗ. ಚಲುವರಾಜು ಮನೆಯನ್ನೆಲ್ಲ ಅಳೆದು ಸುರಿದು, ಕೊನೆಗೆ ಕೊಟ್ಟಿಗೆಯಲ್ಲಿ ಬೂಸಾ ಮೂಟೆಗಳ ಹಿಂದೆ ಗೋಡೆಯಲ್ಲಿದ್ದ ಗೂಡನ್ನು ಆರಿಸಿದ. ಇಂಥ ಜಾಗ ಭೂಮಂಡಲದಲ್ಲಿ ಯಾರಿಗೂ ಹೊಳೆಯಲಾರದು ಎಂದುಕೊಂಡ. ಅವನ ಅಪ್ಪನೂ ಹಾಗೇ ಅಂದುಕೊಂಡಿದ್ದ. ಅಣ್ಣನೂ ಹಾಗೇ ಅಂದುಕೊಂಡಿದ್ದ. ಜವರಯ್ಯನ ವಂಶದಲ್ಲಿ ಮೂಗು, ಕಿವಿಗಳ ಜೊತೆಗೆ ಆ ಗೂಡೂ ತಲೆಯಿಂದ ತಲೆಗೆ ಇಳಿದು ಬಂದಿತ್ತು!

ಮೊಬೈಲಿನಲ್ಲಿ ನೋಡಿ ಕಲಿತ ವಿಡಿಯೋದ ಅಪ್ಪಣೆಯಂತೆ ಬಾಟಲಿಯನ್ನು ದಿನಾ ಅಲ್ಲಾಡಿಸಬೇಕು. ಹಾಲು ಕರೆದಾದ ಮೇಲೆ ಚಲುವರಾಜು ಮೂಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಗುಳುಗುಳು ಅಲ್ಲಾಡಿಸುವನು. ಮುಚ್ಚಳ ತೆಗೆದು ಮೂಸುವನು. ಬಣ್ಣ ಇಳಿಯುತ್ತಿರುವುದನ್ನು ಕಂಡು ತನಗೆ ತಾನೇ ನಗುವನು. ಆಮೇಲೆ ಮೀಸೆ ಒರೆಸಿಕೊಳ್ಳುತ್ತ ಹೊರಗೆ ಬರುವನು. ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದವರು ಬೋರಯ್ಯ ಹೇಳಿದ್ದನ್ನು ನೆನೆಸಿಕೊಂಡು ತಲೆ ಆಡಿಸುತ್ತಿದ್ದರು.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಗಂಡ, ಮಗ ಇದ್ದಷ್ಟು ಕಾಲ ಅಣ್ಣಮ್ಮ ದಿನಾ ದೀಪ ಹಚ್ಚುವ ಹೊತ್ತಿಗೆ ಆ ಗೂಡಿಗೆ ಕೈಹಾಕಿ ನೋಡುತ್ತಿದ್ದಳು. ಇಬ್ಬರೂ ಸತ್ತು ಮಣ್ಣಾದರೂ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ. ಹಸುವಿನ ಮೈ ಸವರುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ, ಖಾಲಿ ಗೂಡನ್ನು ಮುಟ್ಟಿ ಬಂದ ಮೇಲೇ ಅವಳ ಗಂಟಲಲ್ಲಿ ಮುದ್ದೆ ಇಳಿಯುತ್ತಿದ್ದುದು. ಕೆಮ್ಮು, ಜ್ವರ ಎಂದು ಮಲಗಿದ್ದರಿಂದ ಕೆಲವು ದಿನ ಅದು ತಪ್ಪಿತ್ತು. ಜ್ವರ ಬಿಟ್ಟು ಎದ್ದ ಮೊದಲ ಸಂಜೆಯೇ ಅವಳು ಕೊಟ್ಟಿಗೆಗೆ ಹೋದಳು.

ಸತ್ತ ಇಲಿಯನ್ನು ಬಾಲ ಹಿಡಿದು ತರುವಂತೆ ಬಾಟಲಿಯ ಕುತ್ತಿಗೆ ಹಿಡಿದು ನಡುಮನೆಗೆ ಬಂದಳು.

"ಏನ್ಲಾ ಇದು?"

"ಔಸ್ದಿ ಕಣವ್ವಾ."

ಪ್ರಪಂಚದಲ್ಲಿ ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ.

"ನಿಮ್ಮಪ್ಪನೂ ಔಸ್ದಿ ಅಂತಲೇ ಸುರು ಮಾಡಿದ್ದು. ಮೈಕೈ ನೋವಿಗೆ ಅಂದ. ರವಿ ನಿದ್ದೆ ಬರಾಕಿಲ್ಲ, ಅದ್ಕೆ ಔಸ್ದಿ ಅಂದ. ನಿಂದ್ಯಾವ ಕಾಯ್ಲೆ?"

"ನಂದಲ್ಲ ಕಣವ್ವಾ, ನಿನ್ ಕಾಯ್ಲೆಗೆ!"

"ಓಹೋ! ನನ್ ಕಾಯ್ಲೆಗೆ ನೀನು ಕುಡೀತಿದ್ದೀಯಾ!"

"ಸೊಪ್ಪು ನೋಡವ್ವಾ ಒಳಗೆ, ಸೊಪ್ಪು!"

"ನೋಡ್ದೆ. ವಾಸ್ನೆ ಬರ್ಬಾರ್ದು ಅಂತ ನಿಮ್ಮಪ್ಪ ಏಲಕ್ಕಿ ಜಗೀತಿದ್ದ. ನಿಮ್ಮಣ್ಣ ಸೀಬೆ ಎಲೆ ಜಗೀತಿದ್ದ. ನೀನು ಓದ್ದೋನಲ್ವಾ, ಬಾಟ್ಲಿ ಒಳೀಕೇ ಸೊಪ್ಪು ತುಂಬಿದ್ದೀಯ!"

ಪ್ರಮೀಳಾ ಓಡಿ ಬಂದಳು. "ಅತ್ತೆ, ನಿಜವಾಗ್ಲೂ ಅದು ಔಸ್ದಿನೇ. ನಾನು ಕಣ್ಣಾರೆ ಕಂಡಿವ್ನಿ."

ಅಣ್ಣಮ್ಮ ಸೊಸೆಯನ್ನು ಮರುಕದಿಂದ ನೋಡಿದಳು. "ನಾನೂ ನಮ್ಮತ್ತೆ ಮುಂದೆ ಇಂಗೇ ಗಂಡನ್ನ ವಯ್ಸ್ಕಂತಿದ್ದೆ ಕಣವ್ವ."

ಅಷ್ಟು ಹೇಳಿ ಚಾಪೆ ಹಾಸಿಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಮುದ್ದೆ ಬೇಡ, ಗಂಜಿ ಬೇಡ, ನೀರೂ ಬೇಡ. ಮಾರನೆಯ ದಿನ ಅಕ್ಕನನ್ನು ನೋಡಲು ಬಂದ ಬೋರಯ್ಯ ಚಲುವರಾಜುವಿನ ಪರವಾಗಿ ಸಾಕ್ಷಿ ನುಡಿದ.

"ನಾಗಮಂಗ್ಲದಲ್ಲಿ ನಾನೇ ನೋಡ್ದೆ ಕಣಕ್ಕಾ. ಪಾಪ, ಒಂದೇ ಬಾಟ್ಲಿ ತಗಂಡ. ಸುಳ್ಳು ಏಳ್ಬಾರ್ದು."

ಇಂಥ ಸಾಕ್ಷಿಯಿದ್ದರೆ ನಿರಪರಾಧಿಗೂ ಗಲ್ಲು ಖಾಯಂ! "ನೀನ್ಯಾಕ್ಲಾ ನಾಗಮಂಗ್ಲಕ್ಕೆ ಓಗಿದ್ದೆ?" ಎಂದು ಅಣ್ಣಮ್ಮ ಕೇಳಲಿಲ್ಲ. ಕೇಳುವ ಶಕ್ತಿಯೂ ಅವಳಿಗೆ ಉಳಿದಂತಿರಲಿಲ್ಲ. ಮೆಲ್ಲಗೆ ಮಗನನ್ನು ಹತ್ತಿರ ಕರೆದಳು. ಕ್ಷಮಿಸಿದಳೆಂದು ಅವನು ಕಿವಿಗೊಟ್ಟು ಬಾಗಿದ.

"ಟ್ರಂಕಲ್ಲಿ ಹಸಿರು ಸೀರೆ ಅದೆ. ಅದ್ನ ಉಡ್ಸಿ."

"ಅವ್ವಾ!"

"ಹೊಲದಲ್ಲಿ ನಿಮ್ಮಪ್ಪನ ಗುಡ್ಡೆ ಪಕ್ಕ ಮಾತ್ರ ಹೂಳ್ಬ್ಯಾಡಿ. ಇಲ್ಲಿ ಕುಡ್ದ ನಾತ ಸಾಕು. ಅಲ್ಲೂ ಅದ್ನೇ ಮೂಸ್ಕಂಡು ಮಲಗ್ಲಾರೆ."

ಚಲುವರಾಜುವಿಗೆ ನಗು ಬರಲಿಲ್ಲ. ಅವನಿಗೆ ಭಯವಾಯಿತು. ತಾಯಿಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಕೈ ಮುಟ್ಟಿದರೆ ಬರೀ ಮೂಳೆ. ಡಾಕ್ಟರನ್ನು ಕರೆತಂದರೆ ಅವಳು ಬಾಯಿ ಬಿಡಲಿಲ್ಲ, ಕೈ ಕೊಡಲಿಲ್ಲ. "ಸೂಜಿ ಚುಚ್ಚುದ್ರೆ ಈಗ್ಲೇ ಸಾಯ್ತೀನಿ" ಎಂದಳು. ಡಾಕ್ಟರು ಕನ್ನಡಕ ಒರೆಸಿಕೊಂಡು, "ಮೊದ್ಲು ಊಟ ಮಾಡ್ಸಿ. ಈ ವಯಸ್ಸಲ್ಲಿ ಹಿಂಗೆ ಬಿಟ್ರೆ ಕಷ್ಟ" ಎಂದು ಹೇಳಿ ಹೋದರು. ಕೆಮ್ಮು ವಾಸಿಮಾಡಲು ಹೊರಟವನು ತಾಯಿಯನ್ನೇ ಕೊಲ್ಲುತ್ತಿದ್ದ.

"ಒಂದೇ ದಾರಿ," ಎಂದ ಬೋರಯ್ಯ. "ಮಾರಮ್ಮನ ಮುಂದೆ ಕರ್ಪೂರ ಅಚ್ಚಿ, ಕುಡಿಯಾದು ಬುಟ್ಟೆ ಅಂತ ಆಣೆ ಮಾಡ್ಬುಡು."

"ಕುಡಿದೇ ಇಲ್ವಲ್ಲ ಮಾವ! ಏನ್ ಬುಡ್ಲಿ?"

"ಕುಡೀದೋನ್ಗೆ ಬುಡಾದು ಇನ್ನೂ ಸಲೀಸು ಕಣ್ಲಾ. ನಮ್ಮಂತೋರ ಕಷ್ಟ ನಿಂಗೇನು ಗೊತ್ತು?"

ಹೀಗೆ ಜೀವಮಾನದಲ್ಲಿ ಕುಡಿಯದ ಚಲುವರಾಜು, ಊರವರೆಲ್ಲ ಸಾಲಾಗಿ ನಿಂತು ನೋಡುತ್ತಿರುವಾಗ, ಕುಡಿತ ಬಿಟ್ಟ! ಅಂಗೈ ಮೇಲೆ ಕರ್ಪೂರ ಉರಿಸಿ ಆಣೆ ಮಾಡಿಸಿದವನು ಬೋರಯ್ಯನೇ. ಅವನ ಬಾಯಿಂದ ಬರುತ್ತಿದ್ದ ಗಾಳಿಗೆ ಕರ್ಪೂರ ಇನ್ನೂ ಜೋರಾಗಿ ಉರಿಯಿತೆಂದು ಆಮೇಲೆ ಜನ ಆಡಿಕೊಂಡರು. ಡೈರಿಗೆ ಹಾಲು ಹಾಕುವ ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ಮೇಲಾದ್ರೂ ನೆಟ್ಟಗೆ ಬಾಳಪ್ಪ" ಎಂದು ಹರಸಿದಳು. ಸುಟ್ಟ ಅಂಗೈ ಊದಿಕೊಳ್ಳುತ್ತ ಚಲುವರಾಜು ತಾಯಿಯ ಬಳಿಗೆ ಓಡಿದ.

"ಆಣೆ ಮಾಡ್ಬುಟ್ಟೆ ಕಣವ್ವಾ! ಮಾರಮ್ಮನ ಮೇಲೆ!"

ಅಣ್ಣಮ್ಮ ಗೋಡೆಯಿಂದ ಮುಖ ತಿರುಗಿಸಲಿಲ್ಲ.

"ನಿಮ್ಮಪ್ಪನೂ ಅದೇ ಗುಡೀಲಿ ಆಣೆ ಮಾಡಿದ್ದ. ರವೀನೂ ಮಾಡಿದ್ದ. ಆಣೆ ಮಾಡ್ದೋರ್ನೆಲ್ಲ ಮಣ್ಣು ಮಾಡಿ ಬಂದಿವ್ನಿ ನಾನು."

ಚಲುವರಾಜು ಹಿತ್ತಿಲಿಗೆ ಹೋಗಿ ಅತ್ತ. ನೆಲಬೇವಿನ ಗಿಡಗಳ ನಡುವೆ ಕೂತು, ಮೂಗು ಸೊರ್ರೆನ್ನಿಸುತ್ತ ಅತ್ತ. ಪ್ರಮೀಳಾ ಬಂದು ಪಕ್ಕದಲ್ಲಿ ನಿಂತಳು. ನಾನು ಮೊದಲೇ ಹೇಳಲಿಲ್ಲವೇ ಎಂದು ಕೇಳುವ ಹಕ್ಕು ಅವಳಿಗೆ ಪೂರ್ತಿ ಇತ್ತು. ಅವಳು ಕೇಳಲಿಲ್ಲ.

"ಮಾತು ಸಾಕು. ಆ ಬಾಟ್ಲೀನ ಸೋಸಿ, ಒಂದು ತೊಟ್ಟು ಅತ್ತೆ ನಾಲ್ಗೆಗೆ ಬುಡಿ. ಇದು ಔಸ್ದಿನೋ ಎಂಡನೋ ಅವ್ರ ನಾಲ್ಗೇನೇ ಏಳ್ಲಿ."

ಸೋಸಿದ್ದಾಯಿತು. ಲೋಟದಲ್ಲಿ ಸ್ವಲ್ಪ ಹಿಡಿದು ಇಬ್ಬರೂ ಚಾಪೆಯ ಪಕ್ಕ ಕೂತರು. ಬೈಯುತ್ತಾಳೆ, ಲೋಟ ಎಸೆಯುತ್ತಾಳೆ ಎಂದುಕೊಂಡಿದ್ದರು. ಅಣ್ಣಮ್ಮ ಎಸೆಯಲಿಲ್ಲ. ಎದ್ದು ಕೂತು ಲೋಟವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಆ ವಾಸನೆಯೊಂದಿಗೆ ಅರ್ಧ ಆಯಸ್ಸು ಬಾಳಿದವಳು, ರುಚಿ ಹೇಗಿರುತ್ತದೆಂದು ಒಂದು ದಿನವೂ ನೋಡಿರಲಿಲ್ಲ.

ಕಣ್ಣು ಮುಚ್ಚಿ ಬಾಯಿಗೆ ಬಿಟ್ಟುಕೊಂಡಳು.

ಅವಳ ಮುಖ ಹಿಂಡಿದ ಬಟ್ಟೆಯಾಯಿತು. ಕೆಮ್ಮಿದಳು. ಉಸಿರು ಸಿಕ್ಕಿದ ಮೇಲೆ ಮಗನನ್ನು ನೋಡಿದಳು.

"ಇಷ್ಟು ಕಹಿಗಾ ಕಣ್ಲಾ, ನನ್ ಮಗ ಪ್ರಾಣ ಬುಟ್ಟಿದ್ದು?"

ಚಲುವರಾಜು ಬಾಯಿ ತೆರೆದ. ಆ ಕಹಿ ಬ್ರಾಂದಿಯದಲ್ಲ, ನೆಲಬೇವಿನದು; ತಾನು ಸತ್ವ ಇಳಿಸಿದ್ದು ಎಷ್ಟು ಚೆನ್ನಾಗಿ ಇಳಿದಿದೆ ಎಂಬುದಕ್ಕೆ ಅದೇ ಗುರುತು; ಈಗಲಾದರೂ ನಂಬು ಎಂಬ ಇಡೀ ಭಾಷಣ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಣ್ಣಮ್ಮನ ಕಣ್ಣು ತುಂಬಿ ಹರಿಯಿತು.

"ಇಂತಾ ಕಹೀನ ದಿನಾ ನುಂಗ್ಬೇಕಾದ್ರೆ ಒಳಗೆ ಎಷ್ಟು ಸಂಕ್ಟ ಇತ್ತೋ ನನ್ ಮಗೀಗೆ! ನಾನು ಬರೀ ಬೈದೆ. ಕೇಳ್ಲೇ ಇಲ್ಲ."

ರವೀಂದ್ರ ಸತ್ತು ವರ್ಷಗಳಾದ ಮೇಲೆ ಅವನ ತಾಯಿ ಅವನಿಗಾಗಿ ಅತ್ತಳು. ಎದೆ ಬಡಿದುಕೊಂಡು, ಹೆಸರು ಹಿಡಿದು, ದನಿ ತೆಗೆದು ಅತ್ತಳು. ಪ್ರಮೀಳಾ ಗಂಡನ ತೊಡೆಯನ್ನು ರಕ್ತ ಬರುವಂತೆ ಚಿವುಟಿದಳು. ಚಿವುಟಬೇಕಾಗಿರಲಿಲ್ಲ. ಇಷ್ಟು ಅತ್ತವಳಿಗೆ, ನಿನ್ನ ಮಗ ಕುಡಿದಿದ್ದು ಕಹಿಯಾಗಿರಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಚಲುವರಾಜು ಜೀವನದಲ್ಲಿ ಮೊದಲ ಬಾರಿಗೆ ಒಂದು ಭಾಷಣವನ್ನು ನುಂಗಿಕೊಂಡ. ಸೊಪ್ಪಿನ ಸಂಗತಿಯನ್ನು ಅವಳು ದುಃಖದಲ್ಲಿ ಮರೆತೇಬಿಟ್ಟಿದ್ದಾಳೆ, ಮರೆತೇ ಇರಲಿ, ತಾನು ಕುಡುಕನೆನಿಸಿಕೊಂಡರೂ ಚಿಂತೆಯಿಲ್ಲ ಎಂದುಕೊಂಡ. ಆ ಕ್ಷಣದಲ್ಲಿ ತನ್ನ ತ್ಯಾಗಕ್ಕೆ ತಾನೇ ಬೆರಗಾದ.

ಅತ್ತು ಮುಗಿದ ಮೇಲೆ ಅಣ್ಣಮ್ಮ ಮೂಗು ಒರೆಸಿಕೊಂಡು, "ಒಸಿ ಗಂಜಿ ಕೊಡವ್ವ" ಎಂದಳು. ಮನೆಗೆ ಜೀವ ಬಂತು.

ಗಂಜಿ ಕುಡಿದು ಸುಧಾರಿಸಿಕೊಂಡವಳು ಮಾರನೆಯ ಸಂಜೆ ಬಾಟಲಿಯನ್ನು ತನ್ನ ದಿಂಬಿನ ಪಕ್ಕ ಇಟ್ಟುಕೊಂಡು ಮಗನನ್ನು ಕರೆದಳು. ಮುಚ್ಚಳದ ತುಂಬ ಬಗ್ಗಿಸಿ ಮುಂದೆ ಹಿಡಿದಳು.

"ಕುಡಿ."

"ನಾನಾ? ಆಣೆ ಮಾಡಿವ್ನಲ್ಲವ್ವಾ!"

"ನಿಮ್ಮಣ್ಣಂಗೆ ಒಂದೇ ಸಲ ಬುಡ್ಸಾಕೋಗಿ ಕೈಕಾಲು ಸೆಟ್ಕಂಡು ಬಿದ್ದ. ಆ ತಪ್ಪು ಇನ್ನೊಂದ್ಸಲ ಮಾಡಾಕಿಲ್ಲ. ದಿನಕ್ಕೆ ಒಂದು ಮುಚ್ಚಳ, ನನ್ ಕೈಯಿಂದ. ಮಾರಮ್ಮಂಗೆ ನಾನು ಏಳ್ಕತೀನಿ. ಅವಳೂ ಎಂಗ್ಸೇ, ಅರ್ಥ ಆಯ್ತದೆ."

ತ್ಯಾಗ ಮಾಡುವಾಗ ಅದನ್ನು ಕುಡಿಯಬೇಕಾಗುತ್ತದೆಂದು ಚಲುವರಾಜುವಿಗೆ ಹೊಳೆದಿರಲಿಲ್ಲ! ಕುಡಿದ. ಕಹಿ ನಾಲಿಗೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿ ಅಂಗಾಲಿನಲ್ಲಿ ಹೊರಟಿತು. ಅಣ್ಣಮ್ಮ ಕೆನ್ನೆಗೆ ಕೈಕೊಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಅಂದಿನಿಂದ ದಿನಾ ಸಂಜೆ ಇದೇ ಪೂಜೆ. ತಾಯಿಗೆ ಔಷಧಿ ಮಾಡಲು ಹೊರಟ ಮಹಾವೈದ್ಯನ ಏಕೈಕ ರೋಗಿ ಅವನೇ ಆದ. ಅವನಿಗೆ ಕೆಮ್ಮಿರಲಿಲ್ಲ, ಮಂಡಿನೋವೂ ಇರಲಿಲ್ಲ. ಅಣ್ಣಮ್ಮನ ಕೆಮ್ಮು ಪ್ರಮೀಳಾ ಸದ್ದಿಲ್ಲದೆ ತಂದುಕೊಟ್ಟ ಇಂಗ್ಲಿಷ್ ಮಾತ್ರೆಯಿಂದ ವಾಸಿಯಾಯಿತು.

ಬಾಟಲಿ ತಳ ಕಂಡ ದಿನ ಚಲುವರಾಜು ಕೊನೆಯ ಮುಚ್ಚಳವನ್ನು ಹಬ್ಬದ ಖುಷಿಯಲ್ಲಿ ಕೈಗೆತ್ತಿಕೊಂಡ. ಬಿಡುಗಡೆ! ತುಂಬಿದ ಮುಚ್ಚಳ ಹಿಡಿದುಕೊಂಡೇ ಖಾಲಿ ಬಾಟಲಿ ಎಸೆಯಲು ಎದ್ದವನನ್ನು ಅಣ್ಣಮ್ಮ ತಡೆದಳು.

"ಕೂತ್ಕೋ. ನಾಳೀಕೆ ಇನ್ನೊಂದದೆ."

ಮಂಚದ ಕೆಳಗಿನಿಂದ ಹೊಸ ಬಾಟಲಿ ಹೊರಬಂತು. ತಂದುಕೊಟ್ಟವನು ಬೋರಯ್ಯನೆಂದು ಕೇಳದೆಯೇ ಗೊತ್ತಾಗುತ್ತಿತ್ತು, ಕತ್ತಿನ ಹತ್ತಿರ ಸ್ವಲ್ಪ ಕಡಿಮೆಯಿತ್ತು. ಉಳಿದದ್ದರ ತುಂಬ ಸೊಪ್ಪು. ಅಮೃತಬಳ್ಳಿಯಿಲ್ಲ, ತುಳಸಿಯಿಲ್ಲ. ಬರೀ ನೆಲಬೇವು, ಬುಡಸಮೇತ.

"ಅವ್ವಾ... ಇದು ನೆಲಬೇವು. ಕಹಿ ಎಲ್ಲಿಂದ ಬಂತು ಅಂತ ನಿಂಗೆ ಗೊತ್ತಿತ್ತಾ?"

"ಹೆತ್ತ ಮಕ್ಳಿಗೆಲ್ಲ ಅದ್ನೇ ಅರ್ದು ಕುಡ್ಸಿದ್ದು ನಾನು. ನಾಲ್ಗೆಗೆ ಬಿದ್ದೇಟ್ಗೇ ಗೊತ್ತಾಯ್ತು. ನೀನು ಕುಡುಕ ಅಲ್ಲ ಅಂತ್ಲೂ ಅವತ್ತೇ ಗೊತ್ತಾಯ್ತು."

"ಮತ್ತೆ ಅವತ್ತು ಅಂಗೆ ಅತ್ತೆ?"

ಅಣ್ಣಮ್ಮ ಖಾಲಿ ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು.

"ಅವನು ಸತ್ತಾಗ ಸಿಟ್ಟಲ್ಲಿ ಅಳ್ಲಿಲ್ಲ ಕಣ್ಲಾ. ಆಮೇಲೆ ಅಳಾಕೆ ಒಂದು ನೆಪ ಸಿಕ್ಲಿಲ್ಲ. ಅವತ್ತು ಸಿಕ್ತು."

ಚಲುವರಾಜು ಬಿಡುವಿದ್ದ ಕೈಯಿಂದ ತಾಯಿಯ ಕೈ ಹಿಡಿದುಕೊಂಡ. ಆದರೂ ಮನುಷ್ಯನಲ್ಲವೇ, ಹೊಸ ಬಾಟಲಿಯ ಕಡೆಗೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದ:

"ಎಲ್ಲಾ ಗೊತ್ತಿದ್ದ ಮೇಲೆ, ನಂಗೆ ಇನ್ನೂ ಯಾಕವ್ವಾ ಇದು?"

"ನಿಮ್ಮಪ್ಪನೂ ನಗ್ತಾ ಕುಡ್ದ, ನಿಮ್ಮಣ್ಣನೂ ನಗ್ತಾ ಕುಡ್ದ. ಮಖ ಕಿವುಚ್ಕಂಡು ಕುಡಿಯೋ ಗಂಡಸ್ನ ಈ ಮನೇಲಿ ಈಗ್ಲೇ ಕಣ್ಲಾ ನಾನು ಕಂಡಿದ್ದು. ನೋಡ್ತಿದ್ರೆ ಹೊಟ್ಟೆ ತಣ್ಣಗಾಯ್ತದೆ."

ಕೈಯಲ್ಲಿದ್ದ ಕೊನೆಯ ಮುಚ್ಚಳ ಇನ್ನೂ ತುಂಬಿಯೇ ಇತ್ತು. ಚಲುವರಾಜು ಕಣ್ಣು ಮುಚ್ಚಿ ಬಾಯಿಗೆ ಸುರಿದುಕೊಂಡ. ಅಣ್ಣಮ್ಮ ಹತ್ತಿರಕ್ಕೆ ಸರಿದು ಕೂತಳು.

"ಒಸಿ ಚೆನ್ನಾಗಿ ಕಿವುಚು ಮಗ. ನಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ."